ಗ್ರನಾದಾದಲ್ಲಿ ಸ್ಪ್ಯಾನಿಷ್ ಕಲಿಯಲು ಹೊರಟವರಿಗೆ: ಇಂಗ್ಲಿಷನ್ನು ಮನೆಯಲ್ಲೇ ಬಿಟ್ಟು ಬನ್ನಿ

ಗ್ರನಾದಾಗೆ ಬಂದ ಮೂರನೇ ದಿನ ಬೆಳಗ್ಗೆ ಒಂದು ಬಾರ್‌ಗೆ ಕಾಫಿ ಕುಡಿಯಲು ಹೋದೆ. ಗಾಬರಿಯಾಗಬೇಡಿ, ಸ್ಪೇನ್‌ನಲ್ಲಿ ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ದರ್ಶಿನಿ. ಬೆಳಗ್ಗೆ ಒಂಬತ್ತಕ್ಕೆ ಅಜ್ಜಿಯರೂ ಅಲ್ಲೇ ನಿಂತು ಟೊಮೆಟೊ ಸವರಿದ ಬ್ರೆಡ್ ತಿನ್ನುತ್ತಿರುತ್ತಾರೆ. ನಾನು ಇಂಗ್ಲಿಷ್‌ನಲ್ಲಿ ಒಂದು ಸಭ್ಯ ವಾಕ್ಯ ಕಟ್ಟಿಕೊಂಡು, ಅದನ್ನು ಪದಕ್ಕೆ ಪದ ಸ್ಪ್ಯಾನಿಷ್‌ಗೆ ತಿರುಗಿಸಿ, ‘ಪೊದ್ರಿಯಾ ತೆನೇರ್ ಉನ್ ಕಫೆ, ಪೊರ್ ಫಾವೊರ್?’ ಅಂದೆ. ‘ನಾನು ಒಂದು ಕಾಫಿಯನ್ನು ಹೊಂದಬಹುದೇ?’ ಅಂದ ಹಾಗಾಯಿತು. ಕೌಂಟರ್ ಹಿಂದಿದ್ದವನು ನನ್ನ ಮುಖವನ್ನೇ ನೋಡಿದ. ಅಷ್ಟರಲ್ಲಿ ಪಕ್ಕಕ್ಕೆ ಬಂದ ಮುದುಕರೊಬ್ಬರು ‘ಪೋನ್‌ಮೆ ಉನ್ ಕಫೆ’ ಅಂದರು, ಕಾಫಿ ಬಂತು.

‘ಪೋನ್‌ಮೆ’ ಅಂದರೆ ‘ನನಗೆ ಹಾಕು’. ‘ಒಂದು ಕಾಫಿ ಹಾಕಪ್ಪ’ ಅಂತ ನಾವು ಮಂಡ್ಯದಲ್ಲಿ ದಿನಾ ಕೇಳುವುದು ಹಾಗೇ ಅಲ್ವಾ? ಕನ್ನಡದಿಂದ ನೇರವಾಗಿ ಹೋಗಿದ್ದರೆ ಎರಡು ಹೆಜ್ಜೆ. ನಾನು ಲಂಡನ್ ಸುತ್ತಿಕೊಂಡು ಹೋಗಿದ್ದೆ.

ಅಲ್ಲಿ ಒಂಬತ್ತು ತಿಂಗಳಿದ್ದೆ. ಕೊನೆಗೆ ಉಪಯೋಗಕ್ಕೆ ಬಂದದ್ದೆಲ್ಲ ಈ ದಾರಿಯಲ್ಲೇ ಬಂತು: ಕನ್ನಡದಿಂದ ಸ್ಪ್ಯಾನಿಷ್‌ಗೆ, ಅದೂ ಅರ್ಧ ಪಾಲು ಕ್ಲಾಸಿನ ಹೊರಗೆ. ಹೊರಡುವವರಿಗೆ ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ಊರು ಮತ್ತು ವೀಸಾ

ಸ್ಪ್ಯಾನಿಷ್ ಕಲಿಯುವವರಿಗೆ ಎಲ್ಲರೂ ಸಲಮಾಂಕಾ ಹೇಳುತ್ತಾರೆ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವ ಊರು, ಉಚ್ಚಾರಣೆ ಸ್ಪಷ್ಟ. ಬೇಗ ಅರ್ಥವಾಗುವ ಸ್ಪ್ಯಾನಿಷ್ ಬೇಕಿದ್ದರೆ ಅಲ್ಲಿಗೇ ಹೋಗಿ. ಗ್ರನಾದಾ ದಕ್ಷಿಣದ ಆಂಡಲೂಸಿಯಾದಲ್ಲಿದೆ. ಅಲ್ಲಿನವರು ಅರ್ಧ ಅಕ್ಷರ ನುಂಗುತ್ತಾರೆ. ಆದರೂ ನಾನು ಅದನ್ನೇ ಆರಿಸಿಕೊಂಡೆ. ವಿದ್ಯಾರ್ಥಿಗಳ ಊರು, ನಡೆದೇ ಎಲ್ಲಾ ಕಡೆ ಹೋಗಬಹುದು, ಬೀದಿಯಲ್ಲಿ ಮಾತಿಗೆ ಜನ ಸಿಗುತ್ತಾರೆ. ಇಲ್ಲೂ 1531ರ ವಿಶ್ವವಿದ್ಯಾಲಯ ಇದೆ. ಅದರದ್ದೇ ಭಾಷಾ ಕೇಂದ್ರದಲ್ಲಿ ಹೊರದೇಶದವರಿಗೆ ಕೋರ್ಸುಗಳಿವೆ, ಖಾಸಗಿ ಶಾಲೆಗಳೂ ಇವೆ. ಶಾಲೆ ಹುಡುಕುವಾಗ ಸ್ಪ್ಯಾನಿಷ್ ಕಲಿಕೆಗೆಂದು ಸ್ಪೇನ್ ಸರ್ಕಾರವೇ ನಡೆಸುವ ಸಂಸ್ಥೆ ಇನ್ಸ್ಟಿಟ್ಯೂಟೊ ಸೆರ್ವಾಂತೆಸ್‌ನ ಮಾನ್ಯತೆ ಇದೆಯೇ ಅಂತ ಮಾತ್ರ ನೋಡಿಕೊಳ್ಳಿ.

90 ದಿನದೊಳಗಿನ ಕೋರ್ಸಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಅಲ್ಪಾವಧಿ ವೀಸಾ. ಅದಕ್ಕಿಂತ ಜಾಸ್ತಿ ಇದ್ದರೆ ವಿದ್ಯಾರ್ಥಿ ವೀಸಾ. ಶಾಲೆಯ ಪತ್ರ, ಹಣದ ದಾಖಲೆ, ಆರೋಗ್ಯ ವಿಮೆ, ಇವೆಲ್ಲ ಬೇಕು. ನಿಯಮ ಆಗಾಗ ಬದಲಾಗುವುದರಿಂದ ಕಳೆದ ವರ್ಷ ಹೋದ ಗೆಳೆಯರ ಮಾತು ನಂಬದೆ ದೂತಾವಾಸದ ಪಟ್ಟಿಯನ್ನೇ ನೋಡಿ.

ಎರಡನೇ ಹಂತ: ಹೊರಡುವ ಮೊದಲೇ ಬಾಯಿ ಪಳಗಿಸಿ

ಇದನ್ನು ಬೆಂಗಳೂರಿನಲ್ಲೇ ಮಾಡಬಹುದು, ದುಡ್ಡೂ ಖರ್ಚಿಲ್ಲ. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಬಾಯಿಯವರು ‘ಟ’ ಅನ್ನುವ ಕಡೆ ಸ್ಪ್ಯಾನಿಷ್‌ನಲ್ಲಿ ನಮ್ಮ ‘ತ’ ಇದೆ. ‘ಡ’ ಅಲ್ಲ, ‘ದ’. ಅದಕ್ಕೇ ಈ ಲೇಖನದಲ್ಲಿ ಊರಿನ ಹೆಸರನ್ನು ಗ್ರನಾದಾ ಅಂತ ಬರೆದಿದ್ದೇನೆ. ಸ್ವರಗಳು ಐದೇ: ಅ, ಎ, ಇ, ಒ, ಉ. ಹ್ರಸ್ವ ಎ, ಹ್ರಸ್ವ ಒ ನಮಗೆ ಹುಟ್ಟಿನಿಂದಲೇ ಬಂದಿವೆ. ಇನ್ನು ವರ್ಣಮಾಲೆಯಲ್ಲಿ ಕಲಿತು ಆಮೇಲೆ ಮರೆತ ‘ಞ’ ಇದೆಯಲ್ಲ, ಅದಕ್ಕೆ ಅಲ್ಲಿ ದಿನಾ ಕೆಲಸ. ದೇಶದ ಹೆಸರೇ ‘ಎಸ್ಪಾಞಾ’. ನಾಳೆ ಅಂದರೆ ‘ಮಞಾನಾ’.

‘h’ ಅಕ್ಷರ ಬರವಣಿಗೆಯಲ್ಲಿದ್ದರೂ ಬಾಯಲ್ಲಿ ಬರುವುದಿಲ್ಲ, ‘ಹೋಲಾ’ ಅಲ್ಲ, ‘ಓಲಾ’ (ಮುಂದೆ ಬರುವ ‘ಹಾಮೋನ್’ನ ‘ಹ’ ಬೇರೆ, ಅದನ್ನು ಅವರು ‘j’ ಅಂತ ಬರೆಯುತ್ತಾರೆ). ಹಾಲಿಗೆ ‘ಆಲು’ ಅನ್ನುವ ನಮ್ಮ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕಷ್ಟ ಇರುವುದು ‘ರ’ದಲ್ಲಿ. ಸ್ಪ್ಯಾನಿಷ್‌ನಲ್ಲಿ ಎರಡು ರ ಇವೆ. ‘ಪೆರೊ’ ಅಂದರೆ ‘ಆದರೆ’. ಅದೇ ರ ನಾಲಿಗೆಯ ಮೇಲೆ ಮೂರ್ನಾಲ್ಕು ಸಲ ಗುಡುಗಿದರೆ ‘ನಾಯಿ’. ಹಳಗನ್ನಡದಲ್ಲಿ ನಮಗೂ ಎರಡು ರ ಇದ್ದವು. ಶಕಟರೇಫ, ಅಂದರೆ ‘ಱ’, ಅದನ್ನು ನಾವು ಕೈಬಿಟ್ಟೆವು. ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಮತ್ತೆ ಕರೆತಂದೆ: ‘ಪೆಱೊ’ ನಾಯಿ, ‘ಪೆರೊ’ ಆದರೆ. ‘ಬರ್‌ರ್‌ರ್’ ಅಂತ ಮಕ್ಕಳು ಬಸ್ಸು ಓಡಿಸುವ ಹಾಗೆ ದಿನಾ ಐದು ನಿಮಿಷ ಅಭ್ಯಾಸ ಮಾಡಿ. ಎರಡು ತಿಂಗಳಲ್ಲಿ ಬರುತ್ತದೆ.

ಗ್ರನಾದಾಗೇ ಹೋಗುವುದಾದರೆ ಇನ್ನೊಂದು ಎಚ್ಚರಿಕೆ. ಅಲ್ಲಿ ಪದದ ಕೊನೆಯ ‘ಸ್’ ಹಾರಿಹೋಗುತ್ತದೆ. ‘ಮಾಸ್ ಒ ಮೆನೋಸ್’ (ಹೆಚ್ಚುಕಡಿಮೆ) ಅನ್ನುವುದು ‘ಮಾ ಒ ಮೆನೊ’ ಆಗುತ್ತದೆ. ‘ಕನ್ಸಾದೊ’ (ಸುಸ್ತಾದವನು) ಅನ್ನುವುದು ‘ಕನ್ಸಾಒ’. ಕ್ಲಾಸಿನಲ್ಲಿ ಎಲ್ಲ ಅರ್ಥವಾಗಿ ಬಾಗಿಲು ದಾಟಿದ ತಕ್ಷಣ ಏನೂ ಅರ್ಥವಾಗದಿದ್ದರೆ ತಪ್ಪು ನಿಮ್ಮದಲ್ಲ. ಪುಸ್ತಕದಲ್ಲಿ ಕನ್ನಡ ಕಲಿತವನನ್ನು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಏನಾಗುತ್ತದೋ ಇದೂ ಅಷ್ಟೇ. ನೀವು ಮಾತಾಡುವಾಗ ಪೂರ್ತಿ ಉಚ್ಚರಿಸಿ, ಕೇಳಿಸಿಕೊಳ್ಳುವಾಗ ನುಂಗಿದ್ದನ್ನು ಊಹಿಸಿ.

ಮೂರನೇ ಹಂತ: ಮೊದಲ ತಿಂಗಳು ಯಾರದಾದರೂ ಮನೆಯಲ್ಲಿರಿ

ಶಾಲೆಯವರೇ ಮನೆ ಗೊತ್ತು ಮಾಡಿಕೊಡುತ್ತಾರೆ. ಬೇರೆ ವಿದ್ಯಾರ್ಥಿಗಳ ಜೊತೆ ಫ್ಲ್ಯಾಟ್ ಮಾಡಿದರೆ ಅಗ್ಗ, ನಿಜ. ಆದರೆ ಒಂದು ಮನೆಯಲ್ಲಿ ಇಬ್ಬರು ಭಾರತೀಯರಿದ್ದರೂ ಸಾಕು, ಸ್ಪ್ಯಾನಿಷ್ ಬಾಗಿಲಲ್ಲೇ ನಿಲ್ಲುತ್ತದೆ. ಒಂದು ತಿಂಗಳು ಕುಟುಂಬದ ಜೊತೆ, ಆಮೇಲೆ ಸ್ಪ್ಯಾನಿಷ್ ಮಾತಾಡುವವರ ಜೊತೆ ಫ್ಲ್ಯಾಟ್. ಇದು ನನ್ನ ಸಲಹೆ.

ನಾನಿದ್ದ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಮೊದಲ ದಿನ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ, ಮರ್ಯಾದೆ ಅಂತ. ಅವರು ಗದರಿದರು. ಬರಿಗಾಲಲ್ಲಿ ಓಡಾಡಿದರೆ ಶೀತ ಹಿಡಿಯುತ್ತದೆ ಅನ್ನುವುದು ಅಲ್ಲಿನ ಅಜ್ಜಿಯರ ದೃಢ ನಂಬಿಕೆ. ಮನೆಯೊಳಗೆ ಹಾಕಿಕೊಳ್ಳಲು ಬೇರೆ ಮೆತ್ತನೆ ಚಪ್ಪಲಿ ಇರುತ್ತದೆ. ಅದನ್ನು ಮೊದಲ ದಿನವೇ ಕೊಳ್ಳಿ.

ನಂಬಿಕೆಗೆ ಕಾರಣವೂ ಇದೆ. ಸ್ಪೇನ್ ಅಂದರೆ ಬಿಸಿಲು ಅಂದುಕೊಂಡು ನಾನು ಒಂದೇ ಸ್ವೆಟರ್ ಒಯ್ದಿದ್ದೆ. ಗ್ರನಾದಾ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ, ಬೆನ್ನಿಗೇ ಹಿಮ ಹೊದ್ದ ಸಿಯೆಱಾ ನೆವಾದಾ ಬೆಟ್ಟ. ಮನೆಗಳೋ ಬೇಸಿಗೆಗೆಂದು ಕಟ್ಟಿದವು, ನೆಲಕ್ಕೆಲ್ಲ ಟೈಲ್ಸ್. ಜನವರಿಯಲ್ಲಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ ಅನ್ನಿಸುತ್ತದೆ. ಇದಕ್ಕೆ ಅವರು ಕಂಡುಕೊಂಡ ಉಪಾಯ ‘ಮೆಸಾ ಕಮಿಯಾ’: ಒಂದು ದುಂಡು ಮೇಜು, ನೆಲ ಮುಟ್ಟುವ ದಪ್ಪ ಬಟ್ಟೆ, ಅದರ ಕೆಳಗೆ ‘ಬ್ರಸೇರೊ’ ಅನ್ನುವ ಹೀಟರ್. ಮೊದಲು ಕೆಂಡದ ತಟ್ಟೆ ಇಡುತ್ತಿದ್ದರಂತೆ, ಈಗ ಕರೆಂಟಿನದು. ಎಲ್ಲರೂ ಕಾಲನ್ನು ಬಟ್ಟೆಯೊಳಗೆ ತೂರಿಸಿ ಕೂರುತ್ತಾರೆ, ಟಿವಿ ನೋಡುತ್ತಾ ಮಾತಾಡುತ್ತಾರೆ. ನನ್ನ ಸ್ಪ್ಯಾನಿಷ್‌ನ ಬಹುಪಾಲು ಈ ಮೇಜಿನ ಕೆಳಗೆ ಕಾಲಿಟ್ಟುಕೊಂಡೇ ಬಂದದ್ದು. ಕೋಣೆಯಲ್ಲಿ ಬೇರೆಲ್ಲೂ ಬೆಚ್ಚಗಿರಲಿಲ್ಲ, ಎದ್ದು ಹೋಗುವ ಹಾಗೂ ಇರಲಿಲ್ಲ!

ಹಳೆಯ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತದೆ, ಕಿತ್ತಳೆ ಬಣ್ಣದ್ದು. ತರುವವನು ‘ಬುತನೇರೊ’. ಅವನು ಬೀದಿಯಲ್ಲಿ ಕೂಗುವುದು ಕೇಳಿದರೆ ಬಾಲ್ಕನಿಯಿಂದ ಕೂಗಿ ನಿಲ್ಲಿಸಬೇಕು. ಈ ಕೆಲಸ ಅಜ್ಜಿ ನನಗೆ ಒಪ್ಪಿಸಿದರು. ಬೀದಿಗೆ ಕೇಳುವ ಹಾಗೆ ಸ್ಪ್ಯಾನಿಷ್‌ನಲ್ಲಿ ಕೂಗಿದ ಮೇಲೆ ಕ್ಲಾಸಿನಲ್ಲಿ ಬಾಯಿ ಬಿಡಲು ಏನು ಭಯ?

ನಾಲ್ಕನೇ ಹಂತ: ಹೊಟ್ಟೆಯ ಗಡಿಯಾರ ತಿರುಗಿಸಿ

ಮಧ್ಯಾಹ್ನದ ಊಟ ಎರಡರಿಂದ ಮೂರೂವರೆ. ರಾತ್ರಿಯದು ಒಂಬತ್ತರ ಮೇಲೆ. ಸಂಜೆ ಆರಕ್ಕೆ ‘ಮೆರಿಯೆಂದಾ’, ಅಂದರೆ ನಮ್ಮ ಸಂಜೆಯ ಕಾಫಿ ತಿಂಡಿ. ಸಣ್ಣ ಅಂಗಡಿಗಳು ಎರಡರ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಐದಕ್ಕೆ. ಭಾನುವಾರ ಬಹುತೇಕ ಎಲ್ಲ ಬಂದ್. ಶನಿವಾರವೇ ಹಾಲು, ತರಕಾರಿ ತಂದಿಟ್ಟುಕೊಳ್ಳಿ. ಊಟವಾದ ತಕ್ಷಣ ತಟ್ಟೆ ಎತ್ತಿಕೊಂಡು ಏಳಬೇಡಿ. ಊಟದ ನಂತರ ಮೇಜಿನ ಸುತ್ತಲೇ ಕೂತು ಹರಟುವುದಕ್ಕೆ ‘ಸೊಬ್ರೆಮೆಸಾ’ ಅಂತ ಹೆಸರೇ ಇದೆ. ಮದುವೆಮನೆಯಲ್ಲಿ ಎಲೆ ಅಡಿಕೆ ತಟ್ಟೆಯ ಸುತ್ತ ನಡೆಯುತ್ತದಲ್ಲ, ಅದು.

ಗ್ರನಾದಾದಲ್ಲಿ ಏನಾದರೂ ಕುಡಿಯಲು ತೆಗೆದುಕೊಂಡರೆ ಜೊತೆಗೆ ತಿನ್ನಲು ‘ತಾಪಾ’ ಬಿಟ್ಟಿ. ಮದ್ಯವೇ ಆಗಬೇಕಿಲ್ಲ, ದ್ರಾಕ್ಷಿ ರಸ ‘ಮೊಸ್ತೊ’ ಕೇಳಿದರೂ ಸಾಮಾನ್ಯವಾಗಿ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಕಷ್ಟ ಶುರುವಾಗುವುದು ಇಲ್ಲೇ. ‘ಸೊಯ್ ವೆಹೆತರಿಯಾನಾ’ ಅಂದೆ. ಸಲಾಡ್ ಬಂತು, ಮೇಲೆ ಟ್ಯೂನಾ ಮೀನು. ಇನ್ನೊಂದು ಕಡೆ ಅವರೆಕಾಳನ್ನೇ ಹೋಲುವ ಹಸಿರು ಕಾಳು ಕಂಡು ಹಿಗ್ಗಿದೆ. ಅದು ಗ್ರನಾದಾದ ಹೆಸರಾದ ತಿನಿಸು, ‘ಆಬಾಸ್ ಕೊನ್ ಹಾಮೋನ್’, ಕಾಳಿನ ನಡುವೆ ಹಂದಿಮಾಂಸದ ಚೂರು. ಬೇಳೆ ‘ಲೆಂತೇಹಾಸ್’ ಕೂಡ ಹಾಗೇ, ಬಹಳ ಕಡೆ ಮಾಂಸ ಹಾಕಿಯೇ ಬೇಯಿಸುತ್ತಾರೆ. ಆದ್ದರಿಂದ ಪದ ಬಿಡಿ, ಪಟ್ಟಿ ಹೇಳಿ: ‘ನೊ ಕೋಮೊ ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಾಮೋನ್, ನಿ ಅತೂನ್.’ ಮಾಂಸ, ಮೀನು, ಹಾಮೋನ್, ಟ್ಯೂನಾ ಯಾವುದೂ ತಿನ್ನಲ್ಲ. ಹೇಳಬೇಕಾದ್ದು ಕುಡಿಯಲು ಕೇಳುವಾಗಲೇ, ತಟ್ಟೆ ಬಂದ ಮೇಲಲ್ಲ. ಧೈರ್ಯವಾಗಿ ಕೇಳಬಹುದಾದದ್ದು ಬದನೆಕಾಯಿ ಕರಿದು ಮೇಲೆ ಕಬ್ಬಿನ ಕಾಕಂಬಿ ಸುರಿದ ತಿನಿಸು. ಮಂಡ್ಯದವಳಿಗೆ ಇನ್ನೇನು ಬೇಕು.

ಮನೆಯಲ್ಲಿ ಅಡುಗೆ ಮಾಡುವವರಿಗೆ ಎರಡು ಮಾತು. ಮೊಸರಿನ ಡಬ್ಬಿಯಲ್ಲಿ ‘ನತುರಾಲ್’ ಅಂತಿದ್ದರೆ ಸಾಲದು, ಪಕ್ಕದಲ್ಲೇ ‘ಅಸುಕರಾದೊ’ ಅಂತಲೂ ಇರಬಹುದು. ಸಕ್ಕರೆ ಹಾಕಿದ ಮೊಸರಿನಲ್ಲಿ ಒಗ್ಗರಣೆ ಹಾಕಿ ಮೊಸರನ್ನ ಮಾಡಿದವಳ ಮಾತು ಕೇಳಿ. ಇನ್ನು ತರಕಾರಿಯವರು ಒಂದು ಹಿಡಿ ಸೊಪ್ಪು ಬಿಟ್ಟಿ ಕೊಡುವುದುಂಟು. ಅದು ಕೊತ್ತಂಬರಿಯಲ್ಲ, ‘ಪೆರೆಹಿಲ್’ (ಪಾರ್ಸ್ಲಿ). ಕೊತ್ತಂಬರಿ ಬೇಕಿದ್ದರೆ ‘ಸಿಲಾಂತ್ರೊ’ ಅಂತ ಕೇಳಿ ಕೊಳ್ಳಬೇಕು.

‘ಅಸೂಕರ್’ ಅಂದರೆ ನಮ್ಮ ಸಕ್ಕರೆಯೇ. ಸಂಸ್ಕೃತದ ‘ಶರ್ಕರಾ’ ಪರ್ಷಿಯನ್, ಅರಬ್ಬೀ ದಾಟಿ ಅಲ್ಲಿಗೆ ಹೋಗಿದೆ. ಅದೇ ದಾರಿಯಲ್ಲಿ ಕರ್ಪೂರ ‘ಅಲ್ಕಂಫೋರ್’ ಆಗಿದೆ, ನೀಲಿ ‘ಅಞಿಲ್’ ಆಗಿದೆ. 711ರಿಂದ 1492ರವರೆಗೆ ಸ್ಪೇನ್‌ನ ಒಂದಲ್ಲ ಒಂದು ಭಾಗ ಮುಸ್ಲಿಂ ಅರಸರ ಕೈಯಲ್ಲಿತ್ತು. ಕೊನೆಗೆ ಉಳಿದಿದ್ದ ರಾಜ್ಯ ಗ್ರನಾದಾ. ಕಿರಾಣಿ ಅಂಗಡಿಯಲ್ಲಿ ಇಂಥ ಪದ ಹುಡುಕುತ್ತಾ ನಿಂತರೆ ಅರ್ಧ ಗಂಟೆ ಹೋಗುವುದೇ ಗೊತ್ತಾಗಲ್ಲ.

ಐದನೇ ಹಂತ: ಸಾಲು, ಸಂಬೋಧನೆ, ತಲೆಯಾಟ

ಸಾನ್ ಅಗುಸ್ತಿನ್ ಮಾರ್ಕೆಟ್ಟಿಗೆ ಹೋದರೆ ಸಾಲು ಕಾಣುವುದಿಲ್ಲ. ಜನ ಸುಮ್ನೆ ಅಲ್ಲಲ್ಲಿ ನಿಂತಿರುತ್ತಾರೆ. ಸಾಲು ಇಲ್ಲ ಅಂದುಕೊಂಡು ಮುಂದೆ ಹೋದರೆ ಬೈಗುಳ ಗ್ಯಾರಂಟಿ. ಸಾಲು ಇರುವುದು ಅವರ ತಲೆಯಲ್ಲಿ. ಬಂದವರು ‘ಕಿಯೆನ್ ಎಸ್ ಎಲ್ ಉಲ್ತಿಮೊ?’, ಅಂದರೆ ‘ಕೊನೆಯವರು ಯಾರು?’ ಅಂತ ಕೇಳಬೇಕು. ಯಾರೋ ಕೈ ಎತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಸಾಕು, ಅವರಾದ ಮೇಲೆ ನೀವು. ನಿಮ್ಮ ನಂತರ ಬಂದವರು ಕೇಳಿದಾಗ ‘ಯೊ’ (ನಾನು) ಅನ್ನಿ. ಅಂಗಡಿಗೆ, ಡಾಕ್ಟರ ಕೋಣೆಯ ಮುಂದಕ್ಕೆ, ಲಿಫ್ಟಿಗೆ ಹೋದಾಗ ಗುರುತಿಲ್ಲದವರಿಗೂ ‘ಬುಯೆನಾಸ್’ ಅನ್ನಬೇಕು, ಹೊರಡುವಾಗ ‘ಅಸ್ತಾ ಲುಯೆಗೊ’ (ಆಮೇಲೆ ಸಿಗೋಣ). ಸಿಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ ನಮಗೆ ಇದೇನು ಹೊಸದೇ?

ನನಗೆ ಜಾಸ್ತಿ ಸಂಕಟವಾಗಿದ್ದು ‘ತು’ ಮತ್ತು ‘ಉಸ್ತೆದ್’ ವಿಷಯದಲ್ಲಿ. ನೀನು, ನೀವು ಇದ್ದ ಹಾಗೆ. ಆದರೆ ಸ್ಪೇನ್‌ನಲ್ಲಿ ಟೀಚರಿಗೂ ‘ತು’, ಅರವತ್ತರ ಅಂಗಡಿಯವರಿಗೂ ‘ತು’. ನನ್ನ ಟೀಚರನ್ನು ‘ಉಸ್ತೆದ್’ ಅಂದಾಗಲೆಲ್ಲ ಆಕೆ ‘ನನ್ನನ್ನು ಮುದುಕಿ ಮಾಡಬೇಡ’ ಅಂತ ನಗುತ್ತಿದ್ದರು. ತೀರಾ ವಯಸ್ಸಾದವರು, ಪೊಲೀಸರು, ಕಚೇರಿಯವರು, ಇವರಿಗೆ ‘ಉಸ್ತೆದ್’ ಇಟ್ಟುಕೊಳ್ಳಿ. ಉಳಿದವರಿಗೆ ಮನಸ್ಸು ಗಟ್ಟಿ ಮಾಡಿ ‘ತು’ ಅನ್ನಿ. ಬೇರೆಯವರು ನಿಮ್ಮನ್ನು ‘ತು’ ಅಂದರೆ ಏಕವಚನದಲ್ಲಿ ಮಾತಾಡಿಸಿದರು ಅಂತ ಸಿಟ್ಟಾಗಬೇಡಿ.

ಪರಿಚಯವಾದಾಗ ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಮುತ್ತು. ಹೆಂಗಸರು ಎಲ್ಲರ ಜೊತೆ ಹೀಗೆ, ಗಂಡಸರು ಗಂಡಸರಿಗೆ ಕೈ ಕುಲುಕುತ್ತಾರೆ. ಬೇಡ ಅನ್ನಿಸಿದರೆ ನೀವೇ ಮೊದಲು ಕೈ ಮುಂದೆ ಚಾಚಿ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮ ತಲೆಯಾಟ ಮಾತ್ರ ಅವರಿಗೆ ತಪ್ಪಾಗಿ ತಿಳಿಯುತ್ತದೆ. ‘ಆಯ್ತು’ ಅಂತ ನಾವು ತಲೆ ಓಲಾಡಿಸಿದರೆ ಅವರಿಗೆ ‘ಬೇಡ’ ಅಂತ ಕಾಣುತ್ತದೆ. ಅಜ್ಜಿ ಎರಡು ದಿನ ನನಗೆ ಎರಡನೇ ಸಲ ಬಡಿಸಲಿಲ್ಲ. ಬಾಯಿಬಿಟ್ಟು ‘ಸಿ’ (ಹೌದು) ಅನ್ನಿ.

ಗ್ರನಾದಾದವರ ಮಾತು ಸ್ವಲ್ಪ ಒರಟು. ಅದಕ್ಕೆ ‘ಮಲಫೊಯಾ’ ಅಂತ ಅವರೇ ಹೆಸರಿಟ್ಟು ಹೆಮ್ಮೆಪಡುತ್ತಾರೆ. ವೇಟರ್ ಮುಖ ಗಂಟಿಕ್ಕಿದ್ದರೆ ನಿಮ್ಮ ವ್ಯಾಕರಣ ತಪ್ಪಾಯಿತು ಅಂದುಕೊಳ್ಳಬೇಡಿ.

ಆರನೇ ಹಂತ: ವ್ಯಾಕರಣಕ್ಕೆ ಕನ್ನಡವನ್ನೇ ಕೀಲಿ ಮಾಡಿಕೊಳ್ಳಿ

ನನ್ನ ಕ್ಲಾಸಿನ ಇಂಗ್ಲಿಷಿನವರು ‘ಮೆ ಗುಸ್ತಾ’ ಕಲಿಯಲು ಒಂದು ವಾರ ಒದ್ದಾಡಿದರು. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ‘ನನಗೆ ಕಾಫಿ ಇಷ್ಟ’. ‘ನಾನು’ ಅಲ್ಲ, ‘ನನಗೆ’. ‘ಮೆ ದುಯೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತೆ. ‘ನನ್ನ ತಲೆ’ ಅಂತ ಅವರೂ ಅನ್ನುವುದಿಲ್ಲ, ನಾವೂ ಅನ್ನುವುದಿಲ್ಲ. ‘ತೆಂಗೊ ಆಂಬ್ರೆ’, ನನಗೆ ಹಸಿವಿದೆ. ‘ತೆಂಗೊ ಕೆ ಇರ್’, ನನಗೆ ಹೋಗೋದಿದೆ. ಕ್ರಿಯಾಪದದ ಬಾಲದಲ್ಲೇ ಯಾರು ಅಂತ ಗೊತ್ತಾಗುವುದರಿಂದ ‘ನಾನು’, ‘ಅವನು’ ಬಿಟ್ಟೇ ಮಾತಾಡಬಹುದು. ‘ನಾಳೆ ಬರ್ತೀನಿ’ ಅಂದರೆ ಸಾಲದೇ?

‘ಸೆರ್’, ‘ಎಸ್ತಾರ್’ ಅನ್ನುವ ಎರಡು ‘ಇರು’ಗಳ ಬಗ್ಗೆ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ನನ್ನ ಉಪಾಯ ಇದು: ಕನ್ನಡದಲ್ಲಿ ಕ್ರಿಯಾಪದವೇ ಬೇಡದ ಕಡೆ ‘ಸೆರ್’, ‘ಇರು’ ಬೇಕಾದ ಕಡೆ ‘ಎಸ್ತಾರ್’. ‘ಅಕ್ಕ ಡಾಕ್ಟರ್’: ಸೆರ್. ‘ಅಕ್ಕ ಮನೆಯಲ್ಲಿದ್ದಾಳೆ’, ‘ಸುಸ್ತಾಗಿದ್ದಾಳೆ’: ಎಸ್ತಾರ್. ‘ಈಗ ಮೂರು ಗಂಟೆ’: ಸೆರ್. ಎಲ್ಲರನ್ನೂ ಕಾಡುವ ಒಂದು ಅಪವಾದವೂ ಇದಕ್ಕೆ ಸಿಕ್ಕಿತು. ಸಮಾರಂಭ ಎಲ್ಲಿ ಅಂತ ಹೇಳುವಾಗ ಜಾಗವಾದರೂ ‘ಸೆರ್’ ಬರುತ್ತದೆ. ನಾವೂ ‘ಮದುವೆ ಮೈಸೂರಲ್ಲಿ’ ಅಂದು ಅಷ್ಟಕ್ಕೇ ನಿಲ್ಲಿಸುತ್ತೇವಲ್ಲ! ಉಪಾಯ ಎಡವುವುದು ಬಣ್ಣ, ಗಾತ್ರದಲ್ಲಿ. ‘ಹೂವು ಕೆಂಪಗಿದೆ’, ‘ಮನೆ ದೊಡ್ಡದಿದೆ’ ಅಂದರೂ ಅಲ್ಲಿ ‘ಸೆರ್’. ಅದೊಂದನ್ನು ಬಾಯಿಪಾಠ ಮಾಡಿ.

ಮೂರನೇ ತಿಂಗಳಿನಲ್ಲಿ ಬರುವ ‘ಸುಬ್ಹುಂತಿವೊ’ ಅನ್ನುವ ಕ್ರಿಯಾರೂಪ ಎಲ್ಲರನ್ನೂ ಅಳಿಸುತ್ತದೆ. ಅದು ಬಹಳಷ್ಟು ಕಡೆ ನಮ್ಮ ‘-ಅಲಿ’. ‘ಒಹಲಾ ಯುಯೆವಾ’, ಮಳೆ ಬರಲಿ. ‘ಕೆ ಎಂತ್ರೆ’, ಒಳಗೆ ಬರಲಿ. ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ ‘ಕೆ ಅಪ್ರೊವೆಚೆ’ ಅನ್ನಬೇಕು, ಉಂಡದ್ದು ಮೈಗೆ ಹತ್ತಲಿ ಅಂತ.

ಕನ್ನಡ ಕೈ ಕೊಡುವುದು ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು. ‘-ಒ’ ಬಂದರೆ ಗಂಡು ಅಂದುಕೊಂಡರೆ ಕೈ, ‘ಲಾ ಮಾನೊ’, ಹೆಣ್ಣು. ‘-ಆ’ ಬಂದರೆ ಹೆಣ್ಣು ಅಂದುಕೊಂಡರೆ ‘ಎಲ್ ಪ್ರೊಬ್ಲೇಮಾ’ ಗಂಡು. ಒಂಬತ್ತು ತಿಂಗಳ ನಂತರವೂ ನಾನು ತಪ್ಪುತ್ತಿದ್ದೆ. ಪ್ರತಿ ಪದವನ್ನೂ ‘ಎಲ್’, ‘ಲಾ’ ಸೇರಿಸಿಯೇ ಬರೆದುಕೊಳ್ಳಿ.

ಏಳನೇ ಹಂತ: ಕಾಗದಪತ್ರ ಮತ್ತು ನಿಮ್ಮ ಅಪ್ಪನ ಹೆಸರು

ಆರು ತಿಂಗಳಿಗಿಂತ ಜಾಸ್ತಿ ಇರುವವರು ಬಂದ ಒಂದು ತಿಂಗಳೊಳಗೆ ಹೊರದೇಶದವರ ಗುರುತಿನ ಚೀಟಿ ‘ತಿಯೆ’ಗೆ (TIE) ಅರ್ಜಿ ಹಾಕಬೇಕು. ಪುರಸಭೆಯಲ್ಲಿ ವಿಳಾಸ ನೋಂದಾಯಿಸುವುದು ‘ಎಂಪದ್ರೊನಮಿಯೆಂತೊ’. ಉದ್ದ ಪದ, ಇದನ್ನು ಹೇಳಲು ಬಂದರೆ ಅರ್ಧ ಕೋರ್ಸ್ ಮುಗಿದ ಹಾಗೆ. ಕಲಿಯಲೇಬೇಕಾದ ಪದ ‘ಸೀತಾ ಪ್ರೇವಿಯಾ’, ಮುಂಚೆಯೇ ಗೊತ್ತು ಮಾಡಿಕೊಂಡ ಸಮಯ. ಅದಿಲ್ಲದೆ ಯಾವ ಕಚೇರಿಗೂ ಹೋಗಬೇಡಿ. ವಿಮಾನದ ಟಿಕೆಟ್ ಕೊಂಡ ದಿನದಿಂದಲೇ ಆ ಸಮಯಕ್ಕೆ ಹುಡುಕಾಟ ಶುರು ಮಾಡಿ.

ಎಲ್ಲಾ ಅರ್ಜಿಯಲ್ಲೂ ಎರಡು ‘ಅಪೆಯಿದೊ’ ಕೇಳುತ್ತಾರೆ, ಅಂದರೆ ಮನೆತನದ ಹೆಸರು. ಅವರಿಗೆ ಅಪ್ಪನದೊಂದು, ಅಮ್ಮನದೊಂದು. ನಮಗೋ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ, ಎರಡನೇ ಜಾಗ ಖಾಲಿ ಬಿಡಿ. ಎಲ್ಲಾ ಕಡೆ ಒಂದೇ ರೀತಿ ಇರಲಿ. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅಪ್ಪನ ಹೆಸರು. ಒಂದು ಕ್ಲಿನಿಕ್ಕಿನಲ್ಲಿ ಅದನ್ನೇ ಮೂರು ಸಲ ಕೂಗಿದರು. ಅಪ್ಪ ಇಲ್ಲಿಗೆ ಯಾವಾಗ ಬಂದರು ಅಂತ ನಾನೂ ತಿರುಗಿ ನೋಡಿದೆ.

ಕೊನೆಯ ಹಂತ: ಪರೀಕ್ಷೆ ಬೇಕಿದ್ದರೆ

ಕೆಲಸಕ್ಕೋ ಓದಿಗೋ ಪ್ರಮಾಣಪತ್ರ ಬೇಕಿದ್ದರೆ ಎರಡು ದಾರಿ. ‘ದೆಲೆ’ (DELE) ಪರೀಕ್ಷೆ ಆರಂಭದ ಎ1ರಿಂದ ಅತಿ ಮೇಲಿನ ಸಿ2ವರೆಗೆ ಆರು ಹಂತಗಳಲ್ಲಿದೆ. ಒಂದು ಹಂತ ಆರಿಸಿ ಬರೆಯಬೇಕು, ಪಾಸು ಇಲ್ಲವೇ ಫೇಲು. ಒಮ್ಮೆ ಸಿಕ್ಕಿದರೆ ಅದಕ್ಕೆ ಅವಧಿ ಮುಗಿಯುವುದಿಲ್ಲ. ಇನ್ನೊಂದು ‘ಸಿಯೆಲೆ’ (SIELE), ಕಂಪ್ಯೂಟರಿನಲ್ಲಿ ಬರೆಯುವುದು, ಅಂಕ ಕೊಡುತ್ತಾರೆ, 5 ವರ್ಷ ನಡೆಯುತ್ತದೆ. ಅವಸರದವರಿಗೆ ಸಿಯೆಲೆ, ಉಳಿದವರಿಗೆ ದೆಲೆ. ಭಾರತಕ್ಕೆ ವಾಪಸಾದ ಮೇಲೂ ಬರೆಯಬಹುದು, ದೆಹಲಿಯಲ್ಲಿ ಇನ್ಸ್ಟಿಟ್ಯೂಟೊ ಸೆರ್ವಾಂತೆಸ್ ಇದೆ. ಆದರೆ ಅಲ್ಲಿರುವಾಗಲೇ ಬರೆಯುವುದು ವಾಸಿ, ಕಿವಿ ಬಿಸಿಯಾಗಿರುತ್ತದೆ.

ಮೌಖಿಕ ಪರೀಕ್ಷೆಗೆ ಹೋಗುವ ಬೆಳಗ್ಗೆ ಓದಬೇಡಿ. ಮಾರ್ಕೆಟ್ಟಿಗೆ ಹೋಗಿ, ಕೊನೆಯವರು ಯಾರು ಅಂತ ಕೇಳಿ, ಅರ್ಧ ಕಿಲೊ ಟೊಮೆಟೊ ‘ಹಾಕಿಸಿಕೊಂಡು’, ಸಾಲಿನಲ್ಲಿದ್ದ ಅಜ್ಜಿಯ ಮಂಡಿನೋವಿನ ಕಥೆ ಕೇಳಿಸಿಕೊಂಡು, ಅಲ್ಲಿಂದ ನೇರವಾಗಿ ಪರೀಕ್ಷೆಗೆ ಹೋಗಿ. ಟೊಮೆಟೊ ಚೀಲ ಮೇಜಿನ ಕೆಳಗಿಟ್ಟುಕೊಂಡರೂ ನಡೆಯುತ್ತದೆ, ನಾನು ಹಾಗೇ ಮಾಡಿದ್ದೆ.